ಇನ್ನೊಮ್ಮೆ ಕಳಿಸ್ರಿ

ಹೊರಗಿನ ಬೆಂಚಿನ ಮೇಲೆ ಕೂತಿದ್ದವರ ಮೊಬೈಲುಗಳು ಒಂದರ ಹಿಂದೊಂದು ಸದ್ದು ಮಾಡಿದಾಗ ಬೇನಜೀರಳ ಬೆರಳು ಕೀಲಿಮಣೆಯ ಮೇಲೆಯೇ ನಿಂತುಬಿಟ್ಟಿತು.

ರಾಣೆಬೆನ್ನೂರಿನ ಆ ಸಣ್ಣ ಆಸ್ಪತ್ರೆಗೆ ಅವಳು ವಾರದಿಂದ ಹಾವೇರಿಯಿಂದ ಓಡಾಡುತ್ತಿದ್ದಳು. ಸಕ್ಕರೆ ಕಾಯಿಲೆ, ಬಿಪಿ, ದಮ್ಮು, ಮೂರ್ಛೆ ರೋಗ, ಹೀಗೆ ವರ್ಷಗಟ್ಟಲೆ ಗುಳಿಗೆ ನುಂಗಬೇಕಾದವರ ಮೇಲೆ ಕಣ್ಣಿಡುವ ವೆಬ್ ಆ್ಯಪ್ ಒಂದನ್ನು ಅವಳೇ ಬರೆದಿದ್ದಳು. ಡಾಕ್ಟರ್ ಪದ್ಮಜಾ ಅವರಿಗೆ ವಿವರಿಸುವಾಗ, "ಮೂರು ಡಬ್ಬಿ ಅದಾವು ಅಂತ ತಿಳೀರಿ ಮೇಡಂ, ಕಂಟೇನರ್ ಅಂತೀವಿ. ಒಂದರಾಗ ರೋಗಿಗಳ ಮಾಹಿತಿ, ಒಂದರಾಗ ನೀವು ನೋಡೂ ಪುಟಗಳು, ಇನ್ನೊಂದು ಗುಳಿಗಿ ತಪ್ಪಿಸಿದವರಿಗೆ ಮೆಸೇಜ್ ಕಳಸೂದು. ನಾಳೆ ಬ್ಯಾರೆ ಕಂಪ್ಯೂಟರ್ ತಗೊಂಡ್ರೂ ಡಬ್ಬಿ ಸಮೇತ ಎತ್ತಿ ಇಡಬಹುದು," ಎಂದಿದ್ದಳು. ಮೂರನೆಯ ಡಬ್ಬಿಯನ್ನು ಇನ್ನೂ ತೆರೆಯುವಂತಿರಲಿಲ್ಲ. ಪರೀಕ್ಷೆಗೆಂದು ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡುವಾಗ ಅದೊಂದನ್ನು ಹೊರಗಿಡುವುದು ಮರೆತುಹೋಗಿತ್ತು.

ತಕ್ಷಣ ನಿಲ್ಲಿಸಿದಳು. ಅಷ್ಟರೊಳಗೆ ಗುಳಿಗೆ ತಪ್ಪಿಸಿದ ಎಲ್ಲರಿಗೂ ಮೆಸೇಜು ಹೋಗಿಯಾಗಿತ್ತು. "ಇಲ್ಲೇ ಬಂದು ಕುಂತೇನಿ, ಮತ್ತ ಬಾ ಅಂತೈತಿ ನೋಡ್ರಿ ಇದು," ಎಂದು ಮುದುಕನೊಬ್ಬ ಮೊಬೈಲು ತೋರಿಸಿ ನಕ್ಕ. ಬೇನಜೀರಳಿಗೂ ನಗು ಬಂತು.

ಆಗ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಪದ್ಮಜಾ ಒಳಗೆ ರೋಗಿಯನ್ನು ನೋಡುತ್ತಿದ್ದರು. ಬೇನಜೀರಳೇ ಎತ್ತಿದಳು.

"ನಾನು ಮೈಲೇಶ್ರಿ, ಕುಮಾರಪಟ್ಟಣದಿಂದ. ನನ್ನ ಹೆಂಡತಿ ಹೆಸರಿಗೆ ಒಂದು ಮೆಸೇಜ್ ಬಂದೈತಿ. ಮೂರ್ಛೆ ರೋಗದ ಗುಳಿಗಿ ಮುಗದಾವ, ದವಾಖಾನಿಗೆ ಬರ್ರಿ ಅಂತ. ಮಂಗಳಾಗ ಅಂಥಾದ್ದೇನೂ ಇಲ್ಲಲ್ರೀ?"

ಪಕ್ಕದಲ್ಲಿದ್ದ ನರ್ಸ್ ರಮಜಾನಬಿ ರಿಸೀವರಿನಿಂದ ಮಂಗಳಾಳ ಹೆಸರು ಕೇಳಿದವಳೇ ಬೇಡ ಬೇಡವೆಂದು ಕೈ ಆಡಿಸಿದಳು. "ಆಕಿ ಬ್ಯಾಡಗಿ ಊರಿನ ಹುಡುಗಿ. ಮದವಿಯಾಗಿ ವರ್ಷಾನೂ ಆಗಿಲ್ಲ, ಗಂಡನ ಮನ್ಯಾಗ ರೋಗದ ಸುದ್ದಿ ಹೇಳಿಲ್ಲ. ತಾಯಿ ಬಂದು ಗುಳಿಗಿ ಒಯ್ತಾಳ," ಎಂದು ಕಿವಿಯಲ್ಲಿ ಉಸುರಿದಳು. ಮಂಗಳಾಳ ತವರಿನ ಸಿಮ್ ಈಗ ಗಂಡನ ಮೊಬೈಲಿನಲ್ಲಿದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

"ತಪ್ಪಿ ಬಂದೈತ್ರಿ," ಎಂದಳು ಬೇನಜೀರ. "ಹೊಸಾದು ಟೆಸ್ಟ್ ಮಾಡಾಕತ್ತಿದ್ವಿ. ಆ ಹೆಸರಿನವರು ಭಾಳ ಮಂದಿ ಅದಾರ, ಯಾರದೋ ನಿಮಗ ಬಂದೈತಿ. ಮನಸಿಗೆ ಹಚ್ಕೋಬ್ಯಾಡ್ರಿ."

ಆ ಕಡೆಯಿಂದ ದೀರ್ಘವಾದ ಉಸಿರು ಕೇಳಿಸಿತು. "ಹೌದಲ್ರೀ? ನಾನೂ ಅದನ್ನ ಅನ್ಕೊಂಡೆ."

ವಿಷಯ ತಿಳಿದ ಪದ್ಮಜಾ ಬೈಯಲಿಲ್ಲ. "ಮೆಸೇಜಿನಾಗ ರೋಗದ ಹೆಸರು ಯಾಕ ಹಾಕಿದ್ರಿ?" ಎಂದಷ್ಟೇ ಕೇಳಿದರು. ಆ ವಾಕ್ಯ ಬರೆಯುವಾಗ ಬೇನಜೀರಳ ತಲೆಯಲ್ಲಿದ್ದದ್ದು ಸಕ್ಕರೆ ಮತ್ತು ಬಿಪಿ ಮಾತ್ರ. ಆಕೆ ಅಂದೇ ಕೂತು ರೋಗದ ಹೆಸರನ್ನು ಅಳಿಸಿಹಾಕಿದಳು.

ಮರುದಿನ ಮಧ್ಯಾಹ್ನ ಮಂಗಳಾ ಒಬ್ಬಳೇ ಬಂದಳು. ತೆಳ್ಳಗಿನ ಹುಡುಗಿ, ಸೆರಗನ್ನು ಬಿಗಿಯಾಗಿ ಹೊದ್ದಿದ್ದಳು. "ನಿನ್ನೆ ನಮ್ಮ ಮನಿಯವರ ಫೋನ್ ಎತ್ತಿದವರು ಯಾರ್ರಿ?"

ಬೇನಜೀರ ಎದ್ದು ನಿಂತಳು. "ನಾನರೀ. ತಪ್ಪಾತು. ಆದ್ರ ಅವರಿಗೆ ಏನೂ ಗೊತ್ತಾಗದಂಗ ಹೇಳೇನಿ."

"ಅದಕ್ಕ ಬಂದೇನ್ರಿ." ಮಂಗಳಾ ಕುರ್ಚಿಯ ತುದಿಯಲ್ಲಿ ಕೂತಳು. "ಮೆಸೇಜ್ ಬಂದಾಗ ನನ್ನ ಮುಂದ ಹಿಡದು, ಏನಿದು ಅಂತ ಕೇಳಿದ್ರು. ಧ್ವನಿಯಾಗ ಸಿಟ್ಟು ಇರಲಿಲ್ಲ. ಮದವಿಯಾದಾಗಿಂದ ಹೇಳಬೇಕಂತ ಎಷ್ಟು ಸಲ ಬಾಯಿ ತೆರದೇನಿ, ಮಾತು ಹೊಂಟಿದ್ದಿಲ್ಲ. ನಿನ್ನೆ ಇನ್ನೇನ್ ಹೊಂಟಿತ್ರಿ. ಅಷ್ಟರಾಗ ಅವರು ನಿಮಗ ಫೋನ್ ಹಚ್ಚಿದ್ರು. ಇಟ್ಟಮ್ಯಾಲೆ, ತಪ್ಪಿ ಬಂದೈತಂತ ನೋಡು ಅಂತ ನಕ್ಕರು. ನಾನೂ ನಕ್ಕೆ."

ಒಳಗಿನಿಂದ ಪದ್ಮಜಾ ಕರೆದರು. ಒಳಹೋದ ಮಂಗಳಾ ಬಾಗಿಲನ್ನು ಪೂರ್ತಿ ಮುಚ್ಚಿರಲಿಲ್ಲ. ಮಾತು ಹೊರಗೆ ಕೇಳುತ್ತಿತ್ತು. ಅವಳು ಎರಡು ತಿಂಗಳ ಬಸುರಿ. ಕೂಸಿಗೆ ಏನಾದರೂ ಆದೀತೆಂದು ತಾನಾಗಿಯೇ ಗುಳಿಗೆ ಬಿಟ್ಟಿದ್ದಳು.

"ಹಂಗ ಬಿಡಬಾರದವಾ. ಫಿಟ್ಸ್ ಬಂದ್ರ ಇಬ್ಬರಿಗೂ ಅಪಾಯ ಅದ," ಎನ್ನುತ್ತಿದ್ದರು ಪದ್ಮಜಾ. "ಬಸುರಾಗ ನಡಿಯೋ ಗುಳಿಗಿ ಅವ, ಬರದು ಕೊಡ್ತೀನಿ. ಆದ್ರ ಇನ್ನ ಮುಚ್ಚಿಟ್ಟು ನುಂಗೋದು ಸಾಕು. ಗಂಡನ್ನ ಕರಕೊಂಡು ಬಾ, ನಾನ ತಿಳಿಸಿ ಹೇಳ್ತೀನಿ."

"ಬ್ಯಾಡ್ರಿ. ನೀವು ಹೇಳಿದ್ರ, ನಾ ಮುಚ್ಚಿಟ್ಟಿದ್ದು ಹಂಗ ಉಳೀತೈತಿ."

ಗುಳಿಗೆಯ ಪೊಟ್ಟಣ ಹಿಡಿದು ಹೊರಬಂದವಳು ಬೇನಜೀರಳ ಮೇಜಿನ ಮುಂದೆ ನಿಂತಳು. "ಅದ ಮೆಸೇಜ್ ಇನ್ನೊಮ್ಮೆ ಕಳಿಸ್ರಿ. ಸಂಜೀಕ, ಅವರು ಮನಿಗೆ ಬಂದು ಚಾ ಕುಡ್ಯಾಕ ಕುಂತಾಗ. ಮುಂದಿಂದು ನಾ ಹೇಳ್ತೇನಿ."

"ಈಗ ಅದರಾಗ ರೋಗದ ಹೆಸರು ಬರೂದಿಲ್ಲ. ನಿನ್ನೇನ ತಗದೇನಿ."

"ನನ್ನದಕ್ಕ ಹಾಕ್ರಿ."

ಬೇನಜೀರ ಬಾಗಿಲಲ್ಲಿ ನಿಂತಿದ್ದ ಪದ್ಮಜಾರ ಮುಖ ನೋಡಿದಳು. "ಆಕಿ ಹೇಳಿದಂಗ ಮಾಡ್ರಿ," ಎಂದರು ಅವರು.

ಆ ಸಂಜೆ ಬೇನಜೀರ ಹಾವೇರಿಯ ಬಸ್ಸು ಹಿಡಿಯದೆ ಉಳಿದಳು. ಮೆಸೇಜಿನ ಡಬ್ಬಿಯೊಂದನ್ನೇ ಚಾಲೂ ಮಾಡಿ, ಒಂದೇ ನಂಬರನ್ನು ಎರಡೆರಡು ಸಲ ಓದಿ ನೋಡಿ, ಕಳಿಸಿದಳು. 'ತಲುಪಿದೆ' ಎಂದು ಪರದೆ ತೋರಿಸಿತು. ಬೆಂಚುಗಳು ಖಾಲಿಯಾಗಿದ್ದವು. ಬೀಗ ಕೈಯಲ್ಲಿ ಹಿಡಿದ ರಮಜಾನಬಿಯೂ ಮನೆಗೆ ಹೋಗದೆ ಕೂತಳು. ಪದ್ಮಜಾ ಓದುತ್ತಿದ್ದ ಪತ್ರಿಕೆಯ ಪುಟ ತಿರುಗಲೇ ಇಲ್ಲ.

ಕೊನೆಗೂ ಫೋನು ಬಂತು. ಹಿಂದೆ ವಯಸ್ಸಾದ ಹೆಂಗಸೊಬ್ಬಳು, ಮಂಗಳಾಳ ಅತ್ತೆಯೇ ಇರಬೇಕು, "ಬ್ಯಾಡಗಿಯವರು ಕೊಳ್ಳ ಕೊಯ್ದರು," ಎಂದು ಕೂಗಾಡುತ್ತಿದ್ದಳು.

"ನಿನ್ನೆ ಮಾತಾಡಿದವರು ನೀವನೇನ್ರಿ?" ಮೈಲೇಶನ ದನಿ ಒಣಗಿತ್ತು.

"ಹೌದ್ರಿ, ನಾನ. ನಿನ್ನೆ ನಾ ಹೇಳಿದ್ದು ಸುಳ್ಳು."

"ಗೊತ್ತಾತು." ಕದ ಎಳೆದುಕೊಂಡ ಸದ್ದಾಯಿತು, ಕೂಗಾಟ ದೂರವಾಯಿತು. "ಈ ಗುಳಿಗಿ ಊಟಕ್ಕಿಂತ ಮೊದಲು ಕೊಡಬೇಕೋ, ಆಮ್ಯಾಲೋ? ಆಕೀನ ಕೇಳಿದ್ರ ಬರೇ ಅಳಾಕತ್ತಾಳ."

ಬೇನಜೀರ ಪದ್ಮಜಾರ ಕಡೆ ತಿರುಗಿ ಕೇಳಿದಳು. "ಊಟ ಆದಮ್ಯಾಲೆ, ಅಂತ ಹೇಳ್ರಿ," ಎಂದರು ಅವರು. ಅವಳು ಹೇಳಿದಳು.

"ಹಂಗಾರ ತಡೀರಿ," ಎಂದ ಮೈಲೇಶ ಫೋನನ್ನು ಕಟ್ ಮಾಡದೆ ಎಲ್ಲೋ ಇಟ್ಟ. ಬೇನಜೀರ ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ. ನೆಲಕ್ಕೆ ತಟ್ಟೆ ತಾಗಿದ ಸಪ್ಪಳ. "ಎರಡು ತುತ್ತರ ಉಣ್ಣು," ಎಂಬ ತಗ್ಗಿದ ದನಿ. ಆಮೇಲೆ ಕೊಡದಿಂದ ತಂಬಿಗೆಗೆ ಮೆಲ್ಲಗೆ ನೀರು ಬಗ್ಗಿಸುವ ಸದ್ದು.