ಐದು ಮುಷ್ಟಿ ಪಟಿಕ

ಹುನಗುಂದದ ವಾಚನಾಲಯದ ರಾಚಯ್ಯನಿಗೆ ಒಂದು ಹುಚ್ಚು ಇತ್ತು. ಕಣ್ಣಿಗೆ ಬಿದ್ದದ್ದೆಲ್ಲ ಯಾವ ವಿಷಯಕ್ಕೆ ಸೇರಿದ್ದು ಎಂದು ಗೊತ್ತುಮಾಡುವ ತನಕ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಹುಣಸೆಹಣ್ಣು ಹಣ್ಣೋ ಮಸಾಲೆಯೋ ಎಂದು ಹೆಂಡತಿಯ ಜೊತೆ ಎರಡು ದಿನ ವಾದ ಹೂಡಿದ ಪುಣ್ಯಾತ್ಮ ಅವನು. ಮೂರನೆಯ ದಿನ ಆಕೆ ಹುಣಸೆಹಣ್ಣಿಲ್ಲದ ಸಾರು ಬಡಿಸಿದಳು. ವಾದ ಅಲ್ಲಿಗೆ ಮುಗಿಯಿತು.

ಆದರೆ ವಾಚನಾಲಯದಲ್ಲಿ ಸಾರು ಬಡಿಸಿ ಬಾಯಿ ಮುಚ್ಚಿಸುವವರು ಯಾರೂ ಇರಲಿಲ್ಲ. ಕಚೇರಿಯ ಹಿಂದಿನ ಓಣಿಯಲ್ಲಿ ಎರಡು ಖೋಲಿ, ಆರು ಕಪಾಟು, ಮುನ್ನೂರ ಹನ್ನೆರಡು ಪುಸ್ತಕ. ಆರು ಕಪಾಟಿಗೆ ಆರು ವಿಷಯ: ಧರ್ಮ, ಕಾಯ್ದೆ, ವೈದ್ಯ, ಒಕ್ಕಲುತನ, ಕೈಗಸಬು, ಕಥೆ. ಸಾವಿರದ ಒಂಬೈನೂರ ಒಂಬತ್ತನೆಯ ಇಸವಿಯ ಆ ಚಳಿಗಾಲದಲ್ಲಿ ಅಧ್ಯಕ್ಷರಾದ ವಕೀಲ ಹೊಳಬಸಪ್ಪನವರು ಪುಸ್ತಕಗಳ ಯಾದಿಯನ್ನು ಧಾರವಾಡದಲ್ಲಿ ಅಚ್ಚು ಹಾಕಿಸಬೇಕೆಂದು ಮನಸ್ಸು ಮಾಡಿದರು. ನಂಬರು, ಪುಸ್ತಕದ ಹೆಸರು, ಬರೆದವರು, ವಿಷಯ. ಒಂದು ಪುಸ್ತಕಕ್ಕೆ ಒಂದೇ ವಿಷಯ. ರಾಚಯ್ಯನಿಗೆ ಹಬ್ಬವೇ ಬಂದಂತಾಯಿತು.

ಹಬ್ಬ ಅಂದರೆ ಹೊಟ್ಟೆನೋವೂ ಇದ್ದದ್ದೇ. ದನದ ರೋಗದ ಪುಸ್ತಕವನ್ನು ವೈದ್ಯದಲ್ಲಿ ಇಟ್ಟ. ರೈತರು ಬಂದು ಒಕ್ಕಲುತನದ ಕಪಾಟು ಹುಡುಕಿ, ಸಿಗದೆ, ಗೊಣಗುತ್ತ ಹೊರಟುಹೋದರು. ಎತ್ತಿಗೆ ಜ್ವರ ಬಂದವನು ಮೊದಲು ಎಲ್ಲಿ ಕೈ ಹಾಕುತ್ತಾನೋ ಪುಸ್ತಕ ಅಲ್ಲೇ ಇರಬೇಕು ಎಂದು ರಾಚಯ್ಯ ಕಲಿತ. ಪುಸ್ತಕ ಎತ್ತಿ ಒಕ್ಕಲುತನಕ್ಕೆ ಇಟ್ಟ. ಕಲಿತದ್ದನ್ನು ಮುಂದಿನ ಪುಸ್ತಕಕ್ಕೇ ಮರೆತ, ಅದು ಬೇರೆ ಮಾತು.

ಆ ಮುಂದಿನ ಪುಸ್ತಕ ಇನ್ನೂರ ಏಳನೆಯ ನಂಬರಿನದು. ಅಚ್ಚಾದದ್ದಲ್ಲ, ಕೈಬರಹದ್ದು. ಕೆಂಪು ಅರಿವೆಯ ರಟ್ಟು. ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದ ಜಾಫರಸಾಬ ತನ್ನ ಕಸುಬನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದ. ಯಾವ ಬೇರು ಎಷ್ಟು ಕುದಿಯಬೇಕು, ಯಾವ ಬಾವಿಯ ನೀರಿಗೆ ಕೆಂಪು ಹಿಡಿಯುತ್ತದೆ, ಯಾವುದಕ್ಕೆ ಹಿಡಿಯುವುದಿಲ್ಲ, ಎಲ್ಲ. ಅವನು ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಹೆಂಡತಿ ದೌಲತಬಿಯೇ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ರಾಚಯ್ಯನ ಮೇಜಿನ ಮೇಲೆ ಇಟ್ಟಿದ್ದಳು. "ಮನ್ಯಾಗಿದ್ರ ಗೆದ್ದಲ ಓದತಾವ್ರಿ ಅಯ್ಯಾರ. ಇಲ್ಲಿದ್ರ ಮಂದಿ ಓದತಾರ," ಎಂದಿದ್ದಳು.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ತಿಂಗಳಿಗೊಮ್ಮೆ ನೂಲಿನ ಗಾಡಿ ಹತ್ತಿ ಇಳಕಲ್ಲಿನಿಂದ ಬರುತ್ತಿದ್ದಳು. ವಾಚನಾಲಯದ ಹೊರಗಿನ ಕಟ್ಟೆಯ ಮೇಲೆ ಕೂತು, "ಇವತ್ತ ಎಷ್ಟನೇ ಹಾಳಿರಿ?" ಎಂದು ಕೇಳುತ್ತಿದ್ದಳು. ರಾಚಯ್ಯ ಒಂದು ಹಾಳೆ ಓದುತ್ತಿದ್ದ. ಒಂದೇ. ಎರಡನೆಯದನ್ನು ಓದಲು ಹೋದರೆ ಬೇಡವೆನ್ನುತ್ತಿದ್ದಳು, ತೀರಿಹೋದೀತೆಂಬ ಹೆದರಿಕೆ ಅವಳಿಗೆ.

ಈ ಪುಸ್ತಕ ಕೈಗಸಬಿನ ಕಪಾಟಿನಲ್ಲೇ ಇತ್ತು, ಇಳಕಲ್ಲಿನ ಬಣ್ಣಗಾರ ಚಂದಪ್ಪ ಅದನ್ನು ಒಯ್ಯುವ ತನಕ. ಜಾಫರಸಾಬನ ದಾಳಿಂಬರ ಕೆಂಪು ಎಂದರೆ ಸುತ್ತೂರಿಗೆಲ್ಲ ಹೆಸರು. ಜರ್ಮನಿಯ ಬಣ್ಣದ ಪುಡಿಯ ಡಬ್ಬಿ ಬಂದ ಮೇಲೂ ಆ ಕೆಂಪು ಬೇಕು ಎಂದು ಹಟ ಹಿಡಿಯುವ ಹೆಣ್ಣುಮಕ್ಕಳಿದ್ದರು. ಚಂದಪ್ಪ ಪುಸ್ತಕದಲ್ಲಿದ್ದಂತೆಯೇ ಬೇರು ಕುದಿಸಿದ, ಬರೆದಂತೆಯೇ ಬಣ್ಣ ಹಿಡಿಸುವ ಪಟಿಕದ ಪುಡಿ ಹಾಕಿದ. ನೂಲು ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಒರಟಾಗಿ, ಮಗ್ಗಕ್ಕೆ ಏರುವ ಮೊದಲೇ ತುಂಡಾಯಿತು. ಎರಡನೆಯ ಸಲವೂ ಅಷ್ಟೇ. ಅವನು ಪುಸ್ತಕ ತಂದು ಮೇಜಿನ ಮೇಲೆ ಒಗೆದ.

"ಜಾಫರಣ್ಣ ಗುಟ್ಟು ತನ್ನ ಸಂಗಾಟ ಒಯ್ದಾನ. ಇದರಾಗ ಬರದದ್ದೆಲ್ಲ ಬರೇ ಕಥಿ."

ವಕೀಲರು ಆಗ ಅಲ್ಲೇ ಕೂತಿದ್ದರು. ಅವರು ಕೆಟ್ಟವರಲ್ಲ, ಆದರೆ ಕೋರ್ಟಿನ ಮನುಷ್ಯ. ಸಾಕ್ಷಿ ಬಿದ್ದುಹೋದ ಮೇಲೆ ಮುಖ ನೋಡುತ್ತಿರಲಿಲ್ಲ. "ರಾಚಯ್ಯಾ, ಇನ್ನೊಬ್ಬ ಬಡವ ಇದನ್ನ ನಂಬಿ ನೂಲ ಹಾಳ ಮಾಡಕೋಬಾರದು. ಇಲ್ಲಾ ಕಥಿ ಕಪಾಟಿಗೆ ಹಾಕ, ಇಲ್ಲಾ ರದ್ದಿಗೆ ಹಾಕ," ಎಂದರು. ರದ್ದಿಗಿಂತ ಕಥೆ ವಾಸಿ ಎಂದುಕೊಂಡು ರಾಚಯ್ಯ ಇನ್ನೂರ ಏಳರ ಮುಂದೆ ತನ್ನ ದುಂಡು ಅಕ್ಷರದಲ್ಲಿ 'ಕಥೆ' ಎಂದು ಬರೆದ. ಪುಸ್ತಕವನ್ನು ಉಳಿಸಿದೆ ಎಂದು ಒಳಗೊಳಗೇ ಬೀಗಿದ ಕೂಡ. ಯಾದಿ ಸೋಮವಾರದ ಟಪಾಲಿಗೆ ಧಾರವಾಡಕ್ಕೆ ಹೋಗುವುದಿತ್ತು.

ಶುಕ್ರವಾರ ದೌಲತಬಿ ಬಂದಳು. ರಾಚಯ್ಯ ಪುಸ್ತಕ ತರಲು ಎದ್ದ. ಅವಳು ಬಾಗಿಲಲ್ಲಿ ಕೂತೇ ನೋಡುತ್ತಿದ್ದಳು. ಅಕ್ಷರ ಬರದಿದ್ದರೂ ಕಪಾಟು ಗೊತ್ತಾಗುತ್ತದಲ್ಲ.

"ಅಯ್ಯಾರ, ಆ ಕಪಾಟ ಅಲ್ಲಲ್ರಿ ಅದು."

ರಾಚಯ್ಯ ಪುಸ್ತಕ ತೆಗೆದುಕೊಂಡು ಬಂದ. "ಸರಿಸೇವಿ. ಈಗ ಅದು ಕಥಿ ಕಪಾಟಿನ್ಯಾಗ ಐತಿ. ಯಾದ್ಯಾಗೂ ಹಂಗ ಅಚ್ಚ ಆಗತೈತಿ."

"ಕಥಿ ಅಂದ್ರ?"

"ಕಥಿ ಅಂದ್ರ... ಮಂದಿ ಮನಸ್ಸಿನಾಗ ಹುಟ್ಟಿಸಿ ಬರದದ್ದು."

"ಅಂದ್ರ ಆಗದ್ದು. ಸುಳ್ಳು."

ರಾಚಯ್ಯ ರಟ್ಟಿನ ಮೇಲಿನ ಧೂಳು ಒರೆಸತೊಡಗಿದ. ದೌಲತಬಿ ಅಳಲಿಲ್ಲ, ಕೂಗಾಡಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ನಲವತ್ತ ವರ್ಷ ಆತನ ಸಂಗಾಟ ಬಾಳೇ ಮಾಡೇನ್ರಿ. ಸಿಟ್ಟಿತ್ತು, ಹಟ ಇತ್ತು, ಊಟಕ್ಕ ಕರದ್ರ ಮೂರ ತಾಸು ಬರತಿದ್ದಿಲ್ಲ. ಸುಳ್ಳೊಂದ ಇದ್ದಿದ್ದಿಲ್ಲ. ಅಚ್ಚಿನಾಗ ಹಂಗ ಬಂತಂದ್ರ ನಾ ಸತ್ತ ಮ್ಯಾಲೂ ಹಂಗ ಇರತೈತಿ ಹೌದಲ್ರಿ?"

ಹೌದು, ಇರುತ್ತದೆ. ಅದು ರಾಚಯ್ಯನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಚ್ಚಾದದ್ದು ಅಳಿಯುವುದಿಲ್ಲವೆಂದೇ ಅವನು ಅಷ್ಟು ಹಿಗ್ಗಿದ್ದ. ಈಗ ಅವನಿಗೆ ನಾಚಿಕೆಯಾಯಿತು. ಮುನ್ನೂರ ಹನ್ನೆರಡು ಪುಸ್ತಕಗಳಲ್ಲಿ ಈ ಒಂದಕ್ಕೆ ಮಾತ್ರ ಅವನು, ಚಂದಪ್ಪ ದೂರಿದ ಹಾಳೆಯನ್ನು ತೆರೆದೂ ನೋಡದೆ, ಇನ್ನೊಬ್ಬರ ಬಾಯಿ ಕೇಳಿ ಕಪಾಟು ಬದಲಿಸಿದ್ದ.

"ಕೂಡ್ರಿ, ದೌಲತಬಿ. ಇವತ್ತ ಆ ಕೆಂಪಿನ ಹಾಳೀನ ಓದತೇನಿ. ಎಲ್ಲಿ ತಪ್ಪೈತಿ ನೀವ ಹೇಳ್ರಿ."

ಅವಳು ಒಲ್ಲದ ಮನಸ್ಸಿನಿಂದ ಕೂತಳು. ರಾಚಯ್ಯ ಓದತೊಡಗಿದ. ಬೇರು ಇಷ್ಟು, ನೀರು ಇಷ್ಟು ಕೊಡ, ಉರಿ ಸಣ್ಣಗೆ. ಅವಳು ಹೌದು ಹೌದು ಎಂದು ತಲೆಯಾಡಿಸುತ್ತಿದ್ದಳು. 'ಆಮೇಲೆ ಪಟಿಕದ ಪುಡಿ ಐದು ಮುಷ್ಟಿ' ಎಂಬಲ್ಲಿಗೆ ಬಂದಾಗ ಅವಳ ಬಲಗೈ ಮಡಿಲಲ್ಲಿ ತಾನಾಗಿಯೇ ಮುಚ್ಚಿ ತೆರೆಯಿತು. ಒಂದು, ಎರಡು, ಮೂರು. ರಾಚಯ್ಯನ ಕಣ್ಣು ಅಲ್ಲಿಯೇ ನಿಂತಿತು. ಪುಟ್ಟ ಕೈ. ಅದರಲ್ಲೂ ಕೊನೆಯ ಎರಡು ಬೆರಳು ಮಡಚುತ್ತಲೇ ಇರಲಿಲ್ಲ.

"ಈ ಬೆರಳಿಗೆ ಏನಾಗೇತ್ರಿ?"

"ಮದಿವ್ಯಾದ ವರ್ಷ ಕುದಿಯೋ ಹಂಡೇದಾಗ ಬಿತ್ರಿ ಕೈ. ಅಂದಿನಿಂದ ಇವು ಎರಡೂ ಸೆಟದ ನಿಂತಾವ."

"ಪಟಿಕ ಯಾರು ಹಾಕತಿದ್ರು?"

"ಮತ್ಯಾರು, ನಾನ. ಆತ ಹಂಡೇ ತಿರುವೂ ಕೋಲ ಬಿಟ್ಟು ಏಳತಿದ್ದಿಲ್ಲ. ದೌಲತ, ಐದ ಮುಷ್ಟಿ ಹಾಕ ಅಂತಿದ್ದ. ಹಾಕತಿದ್ದೆ."

ರಾಚಯ್ಯ ತನ್ನ ಮುಷ್ಟಿ ಕಟ್ಟಿ ನೋಡಿಕೊಂಡ. ಅವಳದರ ಎರಡರಷ್ಟಿತ್ತು. ಚಂದಪ್ಪನ ಕೈಯಂತೂ ಒನಕೆ ಹಿಡಿದು ಹುಟ್ಟಿದಂಥದ್ದು. ಜಾಫರಸಾಬ ಸುಳ್ಳು ಬರೆದಿರಲಿಲ್ಲ. ಯಾರ ಮುಷ್ಟಿ ಎಂದು ಬರೆಯುವುದನ್ನು ಬಿಟ್ಟಿದ್ದ, ಅಷ್ಟೇ. ನಲವತ್ತು ವರ್ಷ ಒಂದೇ ಮುಷ್ಟಿ ನೋಡಿದ ಮನುಷ್ಯನಿಗೆ ಲೋಕದಲ್ಲಿ ಬೇರೆ ಮುಷ್ಟಿಗಳೂ ಇವೆ ಎಂಬುದು ಹೊಳೆದೇ ಇರಲಿಲ್ಲ. ರಾಚಯ್ಯ ಇದನ್ನು ದೌಲತಬಿಗೆ ಹೇಳಿದ. ಅವಳು ತನ್ನ ಕೈಯನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡಳು.

"ಖರೆ ಏನ್ರಿ?" ಎಂದಳು ಮೆಲ್ಲಗೆ.

"ಖರೆ ಮಾಡಿ ತೋರಸೂಣು ನಡೀರಿ," ಎಂದು ರಾಚಯ್ಯ ವಾಚನಾಲಯಕ್ಕೆ ಕೀಲಿ ಹಾಕಿ ಅವಳ ಗಾಡಿಯನ್ನೇ ಹತ್ತಿದ. ಹನ್ನೊಂದು ವರ್ಷದ ನೌಕರಿಯಲ್ಲಿ ಅವನು ಹೊತ್ತಿಗೆ ಮುಂಚೆ ಕೀಲಿ ಹಾಕಿದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಇಳಕಲ್ಲಿನಲ್ಲಿ ಚಂದಪ್ಪ ಮೊದಲು ಬಿಲ್‌ಕುಲ್ ಒಪ್ಪಲಿಲ್ಲ. "ಎರಡ ಸಲ ಸುಟಗೊಂಡೇನಿ, ಮತ್ತ ಸುಡಿಸಬ್ಯಾಡ್ರಿ ಅಯ್ಯಾರ." ರಾಚಯ್ಯ ಬಿಡಲಿಲ್ಲ. ಕಡೆಗೆ, ಎಣ್ಣೆ ಕುಡಿಸಿ ಒಣಗಿಸಿಟ್ಟ ನೂಲಿನಲ್ಲಿ ಒಂದು ಹಂಡೆಗೆ ಆಗುವಷ್ಟನ್ನು ಅವನು ತೆಗೆದುಕೊಟ್ಟ. ಬೇರು ಕುದಿಯಿತು. ಪಟಿಕದ ಪುಡಿಯ ಮಡಕೆಯನ್ನು ದೌಲತಬಿಯ ಮುಂದೆ ಇಟ್ಟರು.

ಅವಳು ಕೈ ಹಾಕಲಿಲ್ಲ. "ಮೂರ ವರ್ಷಾತು, ಕೈಗೆ ನೆನಪೈತೋ ಇಲ್ಲೋ," ಎಂದಳು. ಹಂಡೆಯ ಕೋಲಿನತ್ತ ನೋಡಿದಳು. ಅಲ್ಲಿ ಚಂದಪ್ಪ ನಿಂತಿದ್ದ. ಅವನಿಗೆ ಏನು ಅನ್ನಿಸಿತೋ, ಕೋಲು ತಿರುಗಿಸುತ್ತ ತಗ್ಗಿದ ದನಿಯಲ್ಲಿ, "ದೌಲತವ್ವಾ, ಐದ ಮುಷ್ಟಿ ಹಾಕ," ಎಂದ. ಕೈ ಎದ್ದಿತು.

ಒಂದೊಂದು ಮುಷ್ಟಿಯನ್ನೂ ಹಂಡೆಗೆ ಹಾಕುವ ಮೊದಲು ರಾಚಯ್ಯ ಅಕ್ಕಸಾಲಿಗನಿಂದ ತಂದ ತಕ್ಕಡಿಯಲ್ಲಿ ತೂಗಿಸಿದ. ಎರಡೂವರೆ ತೊಲೆ. ಎರಡನೆಯದೂ ಎರಡೂವರೆ. ಐದಕ್ಕೆ ಐದೂ ಅಷ್ಟೇ. ಚಂದಪ್ಪ ತನ್ನ ಮುಷ್ಟಿ ತೂಗಿದ: ಐದೂಕಾಲು ತೊಲೆ. ಅವನು ತಕ್ಕಡಿಯನ್ನು ನೋಡಿದ, ತನ್ನ ಕೈಯನ್ನು ನೋಡಿಕೊಂಡ, ಆಮೇಲೆ ಮತ್ತೆ ಕೋಲಿಗೆ ಕೈ ಹಾಕಿದ.

ಭಾನುವಾರ ಮಧ್ಯಾಹ್ನ ನೂಲನ್ನು ಹಳ್ಳದಲ್ಲಿ ಹಿಂಡಿ ತಂದವನೂ ಅವನೇ. ನೀರು ತೊಟ್ಟಿಕ್ಕುವ ಲಡಿಯನ್ನು ದೌಲತಬಿಯ ಎರಡೂ ಕೈಗೆ ಕೊಟ್ಟ. ಒಡೆದ ದಾಳಿಂಬರದ ಕೆಂಪು.

"ಜಾಫರಣ್ಣನ ಕೆಂಪವ್ವ ಇದು. ನಾ ಅಂದದ್ದು ತಪ್ಪಾತು."

ದೌಲತಬಿ ಲಡಿಯನ್ನು ಎದೆಗೆ ಒತ್ತಿಕೊಂಡಳು. ರವಿಕೆಯೆಲ್ಲ ಒದ್ದೆಯಾಯಿತು. ಶುಕ್ರವಾರದಿಂದ ತಡೆದಿದ್ದ ಅಳು ಆಗ ಬಂತು, ರಾಚಯ್ಯ ಗೋಡೆಯ ಕಡೆ ತಿರುಗಿ ನಿಂತ.

ಸೋಮವಾರ ಟಪಾಲಿನ ಹೊತ್ತಿಗೆ ಮೊದಲು ವಕೀಲರು ಯಾದಿ ನೋಡಿದರು. ಇನ್ನೂರ ಏಳರ ಮುಂದೆ 'ಕಥೆ' ಹೊಡೆದುಹಾಕಿ 'ಕೈಗಸಬು' ಎಂದಿತ್ತು. ಮೇಜಿನ ಮೇಲೆ ಕೆಂಪು ಲಡಿ ಇತ್ತು. ನಡೆದದ್ದನ್ನೆಲ್ಲ ಕೇಳಿ ಅವರು, "ಅಲ್ಲೋ, ಪುಸ್ತಕ ಒಯ್ದವಗ ಆಕಿ ಕೈ ಎಲ್ಲಿಂದ ಕೊಡತಿ?" ಎಂದರು. ರಾಚಯ್ಯ ರಟ್ಟು ತೆರೆದು ತೋರಿಸಿದ. ಒಳಗೆ ಚೀಟಿ ಅಂಟಿಸಿದ್ದ: ಈ ಪುಸ್ತಕದಲ್ಲಿ ಒಂದು ಮುಷ್ಟಿ ಎಂದರೆ ದೌಲತಬಿಯವರ ಮುಷ್ಟಿ, ಎರಡೂವರೆ ತೊಲೆ.

ವಕೀಲರು ಒಪ್ಪಿದರು. ಆಮೇಲೆ ಅವರ ಬೆರಳು ಯಾದಿಯ ಮತ್ತೊಂದು ಅಂಕಣಕ್ಕೆ ಹೋಯಿತು. ಬರೆದವರು: ಜಾಫರಸಾಬ, ದೌಲತಬಿ.

"ಆಕಿಗೆ ಅಕ್ಷರ ಬರೂದಿಲ್ಲಲ್ಲೋ."

"ಅಳತಿ ಆಕೀದ್ರಿ. ಅಳತಿ ತಗದ್ರ ಈ ಪುಸ್ತಕ ಮತ್ತ ಕಥಿ ಆಗತೈತಿ."

ವಕೀಲರು ಅವನನ್ನು ದುರುಗುಟ್ಟಿ ನೋಡಿದರು. ಇಷ್ಟು ವರ್ಷ ಹೂಂ ಅನ್ನುವುದನ್ನು ಬಿಟ್ಟು ಬೇರೆ ಮಾತಾಡದ ಮನುಷ್ಯ! ನಕ್ಕು, ಸಹಿ ಹಾಕಿದರು.

ಅಚ್ಚಾದ ಯಾದಿ ಬಂದದ್ದು ಯುಗಾದಿ ಕಳೆದ ಮೇಲೆ. ದೌಲತಬಿ ಕಟ್ಟೆಯ ಮೇಲೆ ಕೂತಿದ್ದಳು. ರಾಚಯ್ಯ ಹಾಳೆ ತೆರೆದು ಅವಳ ಮಡಿಲಲ್ಲಿಟ್ಟ.

"ಇದು ಆತನ ಹೆಸರು. ಇದು ನಿಮ್ಮದು."

"ನಡುವ ಯಾರ ಹೆಸರೂ ಇಲ್ಲಲ್ರಿ?"

"ಯಾರದೂ ಇಲ್ಲ."

ಅವಳು ಬಹಳ ಹೊತ್ತು ನೋಡಿದಳು. "ಸಂತಿಗೆ ಹೊಂಟ್ರ ಹತ್ತ ಹೆಜ್ಜಿ ಮುಂದ ಹೋಗತಿದ್ದ ಅಯ್ಯಾರ. ನಾ ಬಂದ್ನೋ ಇಲ್ಲೋ, ತಿರಗಿ ಸುದ್ದಾ ನೋಡತಿದ್ದಿಲ್ಲ. ಈಗ ನೋಡ್ರಿ, ಮಗ್ಗಲದಾಗ ಬಂದು ನಿಂತಾನ."

ಮಡಚದ ಆ ಎರಡು ಬೆರಳನ್ನು ಅವಳು ಎರಡು ಹೆಸರಿನ ಮೇಲೆ ಇಟ್ಟಳು, ಒಂದೊಂದಕ್ಕೆ ಒಂದೊಂದು. ರಾಚಯ್ಯ ಒಳಗೆ ಹೋಗಿ ಕೈಗಸಬಿನ ಕಪಾಟಿನಿಂದ ಪುಸ್ತಕ ತಂದ.

"ಇವತ್ತ ಎರಡ ಹಾಳಿ ಓದ್ರಿ," ಎಂದಳು ದೌಲತಬಿ.