ಮೈದುನ ತಂದ ಅವಿಭಾಜ್ಯ

ಮೈದುನ ತಂದ ಸಂಖ್ಯೆಯನ್ನು ನಾನು ನೋಡಿದ ಗಳಿಗೆಯಿಂದಲೇ ನಂಬಲಿಲ್ಲ. ಮುನ್ನೂರು ಅಂಕಿಗಳ ಅವಿಭಾಜ್ಯ. ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಯಾವುದರಿಂದಲೂ ಭಾಗವಾಗದು.

"ಚೆನ್ನಾಗಿ ನೋಡಿದೀನಿ ಅತ್ತಿಗೆ, ಅನುಮಾನ ಬೇಡ," ಅಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಂಡಿದ್ದ.

ನಮ್ಮ ಕಂಪನಿ ತಿಜೋರಿಗಳಿಗೆ ಎಲೆಕ್ಟ್ರಾನಿಕ್ ಬೀಗ ಮಾಡುತ್ತದೆ. ಪ್ರತಿ ಬೀಗದ ಹೊಟ್ಟೆಯಲ್ಲೂ ಇಂಥದೊಂದು ಸಂಖ್ಯೆ. ಅದು ಅಪ್ಪಟ ಅವಿಭಾಜ್ಯವಾದರೆ ಬೀಗ ಗಟ್ಟಿ. ಯಾರಾದರೂ ಕೆಲವು ಸಂಖ್ಯೆಗಳನ್ನು ಗುಣಿಸಿ, ಬಂದದ್ದನ್ನೇ ಅವಿಭಾಜ್ಯವೆಂದು ದಾಟಿಸಿದರೆ, ಆ ತುಂಡುಗಳನ್ನು ಬಲ್ಲವನಿಗೆ ತಿಜೋರಿಯೇ ತೆರೆದ ಬಾಗಿಲು. ಮೈದುನ ಹುಡುಕುವವನು, ನಾನು ಪರೀಕ್ಷಿಸಿ ಸಹಿ ಹಾಕುವವಳು. ನಾಳೆ ಕಳವಾದರೆ ಜೈಲಿಗೆ ಹೋಗುವವಳೂ ನಾನೇ.

ಅಷ್ಟು ದೊಡ್ಡದನ್ನು ಒಂದೊಂದರಿಂದ ಭಾಗಿಸುತ್ತ ಕೂತರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು. ಅದಕ್ಕೇ ಸಾಕ್ಷಿ ಕೇಳುತ್ತೇವೆ. ಒಂದು ಚಿಕ್ಕ ಸಂಖ್ಯೆಯನ್ನು ಸಾಕ್ಷಿಯಾಗಿ ಹಿಡಿದು ಲೆಕ್ಕ ಓಡಿಸಿದರೆ 'ಇರಬಹುದು' ಅನ್ನುವ ಉತ್ತರ ಬರುತ್ತದೆ, ಇಲ್ಲವೇ 'ಅಲ್ಲ' ಅನ್ನುವುದು. ಒಂದೇ ಒಂದು ಸಾಕ್ಷಿ 'ಅಲ್ಲ' ಅಂದರೂ ಸಂಖ್ಯೆಯ ಕಥೆ ಮುಗಿಯಿತು. ಎರಡು, ಮೂರು, ಐದು, ಏಳು ಎಂದು ಸಾಲಾಗಿ ಕೇಳುವುದು ನಮ್ಮ ಕೋಣೆಯ ಪದ್ಧತಿ. ಸಾಲಿಗೆ ಸಾಲೇ 'ಇರಬಹುದು' ಅಂದಿತು. ಆದರೂ ನನ್ನ ಪೆನ್ನು ಏಳಲಿಲ್ಲ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಕಾಲೇಜಿನಲ್ಲಿ ಗಣಿತದ ಮೇಷ್ಟ್ರು.

"ನಿನಗೆ ಉಪ್ಪಿನ ಮೇಲೂ ಅನುಮಾನ. ಅವನು ನನ್ನ ತಮ್ಮ ಕಣೇ, ಸುಮ್ನೆ ಸಹಿ ಹಾಕು," ಅಂದರು.

ಬೆಳ್ಳಗಿರುವುದೆಲ್ಲ ಹಾಲಲ್ಲ. ಮರುದಿನ ಗೇಟಿನ ಕಾವಲುಗಾರನನ್ನು ಕೇಳಿದೆ: "ಬಾಯಿಗೆ ಬಂದ ನಂಬರ್ ಒಂದು ಹೇಳಪ್ಪ."

"ಎಂಟುನೂರ ಹನ್ನೊಂದು," ಅಂದ. ಯಾಕೆ ಎಂದು ಕೇಳುವ ಗೋಜಿಗೂ ಹೋಗಲಿಲ್ಲ.

ಎಂಟುನೂರ ಹನ್ನೊಂದನ್ನು ಸಾಕ್ಷಿಗೆ ನಿಲ್ಲಿಸಿದೆ. ಅದು 'ಅಲ್ಲ' ಅಂದಿತು. ಯಾವುದರಿಂದ ಒಡೆಯುತ್ತದೆ ಎಂಬುದನ್ನು ಸಾಕ್ಷಿ ಹೇಳುವುದಿಲ್ಲ, ಒಡೆಯುತ್ತದೆ ಎಂದಷ್ಟೇ ಹೇಳುತ್ತದೆ. ಸಾಲಿಗೆ ಸಾಲನ್ನೇ ದಾಟಿ ಬಂದದ್ದು ಅಕಸ್ಮಾತ್ ಆದ ತಪ್ಪಲ್ಲ. ನಮ್ಮ ಸಾಲಿನ ಸಾಕ್ಷಿಗಳನ್ನೆಲ್ಲ ಮೊದಲೇ ಒಳಗೆ ಹಾಕಿಕೊಂಡು, ಅವುಗಳನ್ನು ಮೋಸಗೊಳಿಸಲೆಂದೇ ಯಾರೋ ಕೂತು ಕಟ್ಟಿದ ಸಂಖ್ಯೆ.

ಮೈದುನನನ್ನು ಕರೆದು ಬಾಗಿಲು ಹಾಕಿದೆ. ನಿನ್ನ ನಂಬರ್ ಅವಿಭಾಜ್ಯ ಅಲ್ಲ ಅಂದೆ.

"ನಾನು ಹುಡುಕಿದ್ದಲ್ಲ ಅತ್ತಿಗೆ. ಕೆಲಸ ಹಿಂದೆ ಬಿದ್ದಿತ್ತು. ಅಣ್ಣನ ಹತ್ರ ಹೇಳ್ಕೊಂಡೆ, ಅವನೇ ಕೊಟ್ಟ. ಅಣ್ಣ ಕೊಟ್ಟಿದ್ದು ಅಂತ ನಾನು ನೋಡ್ಲೇ ಇಲ್ಲ."

ತಪ್ಪು ಮಾಡಿ ಒಡಹುಟ್ಟಿದವನ ತಲೆಗೆ ಕಟ್ಟುತ್ತಿದ್ದಾನೆ ಎಂದು ನನಗೆ ಮೈ ಉರಿಯಿತು. ಒಂದು ಮಾತನ್ನೂ ನಂಬಲಿಲ್ಲ.

ಸಂಜೆ ಗಂಡ ಒಣಗಿದ ಬಟ್ಟೆ ಮಡಚುತ್ತಿದ್ದರು.

"ನಿಮ್ಮ ತಮ್ಮ ತಂದ ನಂಬರ್ ಬಿದ್ದುಹೋಯ್ತು," ಅಂದೆ. ಅಷ್ಟೇ ಅಂದದ್ದು. ಅವನ ಕೆಲಸ ಹೋಯಿತೇ, ಅವನೇನಂದ ಎಂದು ಕೇಳುತ್ತಾರೆಂದು ಕಾದೆ.

ಕೈಯಲ್ಲಿದ್ದ ಅಂಗಿ ಹಾಗೇ ನಿಂತಿತು. "ಸಾಲು ಬಿಟ್ಟು ಯಾಕೆ ಕೇಳೋಕೆ ಹೋದೆ?" ಅಂದರು.

ಸಾಲು ಬಿಟ್ಟೆನೆಂದು ನಾನು ಯಾರಿಗೂ ಹೇಳಿರಲಿಲ್ಲ. ಮೈದುನನಿಗೂ ಹೇಳಿರಲಿಲ್ಲ. ದೇವರೇ, ಆ ಹುಡುಗನೇ ಕಳ್ಳನಾಗಿರಬಾರದಿತ್ತೇ ಅನ್ನಿಸಿತು. ನಾನು ಸಹಿ ಹಾಕಿದ್ದರೆ ಜೈಲು ಯಾರಿಗೆಂಬುದು ಇವರಿಗೆ ಚೆನ್ನಾಗಿ ಗೊತ್ತಿತ್ತು.

ಅವರು ಅಂಗಿಯನ್ನು ಮತ್ತೆ ಬಿಚ್ಚಿ, ಮೊದಲಿನಿಂದ ಮಡಚತೊಡಗಿದರು. ಅದು ನನ್ನ ಅಂಗಿ.