ಗೇಟನ್ನು ಕೊನೆಯವನು ಮುಚ್ಚಬೇಕು

ಫೋಸ್ಕಾ ಬೇಲಿ ಹಾಕುತ್ತಿದ್ದಳು. ಫೆಬ್ರವರಿಯಿಂದ ಹಾಕುತ್ತಲೇ ಇದ್ದಳು. ಕಂಬ ತಾನೇ ಹೊತ್ತು, ಗುಂಡಿ ತಾನೇ ತೋಡಿ, ತಂತಿ ಬಲೆ ತಾನೇ ಬಿಗಿದು, ಅರವತ್ತೆಂಟು ವರ್ಷದ ಹೆಂಗಸು ಒಬ್ಬಳೇ ತನ್ನ ಗುಡ್ಡವನ್ನು ಸುತ್ತುವರಿದು ಬರುತ್ತಿದ್ದಳು. ನವೆಂಬರಿನ ಆ ಶನಿವಾರ ನಾನು ಹೋದಾಗ ಉಳಿದಿದ್ದದ್ದು ಗೇಟಿನ ಪಕ್ಕದ ನಲವತ್ತು ಮೀಟರು. ಅಲ್ಲಿ ಮೊಣಕಾಲೆತ್ತರದ ಹಳೆಯ ಕಲ್ಲುಗೋಡೆ ಇತ್ತು. ಕುರಿಗೆ ಅಷ್ಟು ಸಾಕು, ಕಾಯಿದೆಗೆ ಸಾಲದು.

ನಮ್ಮ ದೇಶದಲ್ಲಿ ಕಾಯಿದೆ ಬೇಟೆಗಾರನ ಕಡೆಗಿದೆ. ಪರವಾನಗಿ ಇರುವವನು ಯಾರ ಹೊಲಕ್ಕಾದರೂ ಕಾಲಿಡಬಹುದು, ಒಡೆಯ ಬೇಡವೆಂದರೂ. ಆದರೆ ಜಮೀನಿನ ಸುತ್ತ ಎದೆಮಟ್ಟದ ಬೇಲಿ ಎಲ್ಲೂ ತುಂಡಾಗದೆ ನಿಂತರೆ ಅಲ್ಲಿಗೆ ಮುಗಿಯಿತು. ಫೋಸ್ಕಾಳ ಜಮೀನಿನ ಕೆಳಗಿನ ಕಣಿವೆಯಲ್ಲಿ ಕಾಡುಹಂದಿಗಳು ಮಲಗುತ್ತವೆ. ಅಲ್ಲಿಗೆ ಇಳಿಯಲು ಇರುವ ಒಂದೇ ಗಾಡಿದಾರಿ ಅವಳ ಗೇಟಿನ ಮೂಲಕ ಹೋಗುತ್ತದೆ. ಆ ಕಣಿವೆ ಹೋದರೆ ನಮ್ಮ ಪೊಜ್ಜಾರ್ಸೊ ಊರಿನ ಬೇಟೆ ತಂಡಕ್ಕೆ ಉಳಿಯುವುದು ಮೊಲವೂ ಬಾರದ ಎರಡು ಬೋಳು ಗುಡ್ಡ. ತಂಡದಲ್ಲಿ ಮೊದಲು ನಲವತ್ತು ಜನ ಇದ್ದೆವು. ಈಗ ಹದಿನೆಂಟು ಆದರೆ ಹೆಚ್ಚು.

"ಬಂದ್ಯಾ?" ಎಂದಳು ತಲೆ ಎತ್ತದೆ. "ಆ ಸುತ್ತಿಗೆ ಕೊಡು."

ಕೊಟ್ಟೆ.

"ಮೊಣಕಾಲು ಹೇಗಿದೆ ಲೊರಿಯಾನೊ?"

"ಹಾಗೇ ಇದೆ."

"ನಂದೂ ಹಾಗೇ ಇದೆ. ಸರಿ, ಕಷ್ಟಸುಖ ಆಯ್ತು. ಇನ್ನು ಹೊರಡು."

"ಫೋಸ್ಕಾ, ಈ ಬೇಲಿ ಹಂದಿ ತಡೆಯಲ್ಲ. ಮೂತಿ ಹಾಕಿ ಒಂದು ಸಲ ಎತ್ತಿದರೆ ಕಂಬದ ಸಮೇತ ಬರತ್ತೆ. ನಾಳೆ ನಿಮ್ಮ ಕಡಲೆ ಹೊಲ ಉತ್ತು ಹಾಕಿದಾಗ ನಮ್ಮನ್ನೇ ಕರೀಬೇಕಾಗತ್ತೆ."

"ಹಂದಿ ತಡೆಯಲ್ಲ ಅಂತ ನನಗೂ ಗೊತ್ತಪ್ಪ. ಆದ್ರೆ ಹಂದಿ ಯಾವತ್ತೂ ಗೇಟು ತೆರೆದಿಟ್ಟು ಹೋಗಿಲ್ಲ."

ಆ ಮಾತು ಬರುತ್ತದೆಂದು ಗೊತ್ತಿದ್ದೇ ಬಂದಿದ್ದೆ. ಹೋದ ವರ್ಷ ಇದೇ ತಿಂಗಳು, ನಾವು ಒಳಗೆ ಹೋದ ಬೆಳಿಗ್ಗೆ, ಗೇಟು ತೆರೆದೇ ಉಳಿಯಿತು. ಏಳು ಕುರಿ ರಸ್ತೆಗೆ ಇಳಿದವು. ತಿರುವಿನಲ್ಲಿ ಮರದ ದಿಮ್ಮಿ ಹೊತ್ತ ಲಾರಿ ಬಂತು. ನಾಲ್ಕು ಸತ್ತವು. ಅದರಲ್ಲಿ ಒಂದು, ಕೊರಳಲ್ಲಿ ಗಂಟೆ ಕಟ್ಟಿಕೊಂಡು ಮುಂದೆ ನಡೆಯುತ್ತಿದ್ದ ಹಿರಿಯ ಕುರಿ. ಅದರ ಹಿಂದೆಯೇ ಉಳಿದವು ಹೋಗಿದ್ದವು. ತಂಡ ಕೊಡಲು ಹೋದ ಪರಿಹಾರವನ್ನು ಅವಳು ಮುಟ್ಟಲಿಲ್ಲ. ಜಮೀನಿನ ಒಡತಿಗೆಂದು ನಾವು ಪ್ರತಿ ಬೇಟೆಯ ನಂತರ ಕಳಿಸುವ ಮಾಂಸದ ಪಾಲನ್ನೂ ಅಂದಿನಿಂದ ಬಾಗಿಲಲ್ಲೇ ವಾಪಸು ಕಳಿಸಿದಳು. ಅವಳು ಕೇಳಿದ್ದು ಒಂದೇ, ಯಾರು?

"ಹೆಸರು ಹೇಳು," ಎಂದಳು ಈಗಲೂ, ಮೊಳೆ ಬಾಯಲ್ಲಿಟ್ಟುಕೊಂಡೇ. ಆಮೇಲೆ ಮೊಳೆ ತೆಗೆದು ಅಂಗೈಗೆ ಹಾಕಿಕೊಂಡಳು. "ಒಂದು ವರ್ಷದಿಂದ ಹದಿನೆಂಟು ಗಂಡಸರಲ್ಲಿ ಒಬ್ಬನಿಗೂ ನಾಲಿಗೆ ಇಲ್ಲ. ನಾಳೆ ಸಂಜೆ ನೀವು ಪಾಲು ಹಾಕೋ ಹೊತ್ತಿಗೆ ಬರ್ತೀನಿ. ಹೆಸರು ಸಿಕ್ಕರೆ ಈ ನಲವತ್ತು ಮೀಟರ್ ಹೀಗೇ ಬಿಡ್ತೀನಿ. ಸಿಗದೇ ಇದ್ರೆ ಸೋಮವಾರ ಬಿಗಿದು ಬೀಗ ಹಾಕ್ತೀನಿ. ನನಗೂ ಸುಸ್ತಾಗಿದೆ ಕಣಯ್ಯ. ಯಾವುದಾದರೂ ಒಂದು ಆಗಿಹೋಗಲಿ."

ಗೇಟಿನ ವಿಷಯದಲ್ಲಿ ನಮ್ಮ ತಂಡಕ್ಕೆ ಒಂದೇ ನಿಯಮ. ಕೊನೆಯಲ್ಲಿ ಹೋಗುವವನು ಮುಚ್ಚಬೇಕು. ಮೂವತ್ತು ವರ್ಷದಿಂದ ಆ ಕೊನೆಯವನು ಅಜೇಲಿಯೊ. ಅವನದು ಮೂರು ಚಕ್ರದ ಹಳೆಯ ಗಾಡಿ, ಏರಿನಲ್ಲಿ ನಡೆಯುವವನಿಗಿಂತ ನಿಧಾನ. ನಾವೆಲ್ಲ ಕಾರಿನಲ್ಲಿ ಮುಂದೆ ಹೋಗುತ್ತಿದ್ದೆವು, ಅವನು ಹಿಂದಿನಿಂದ ಬಂದು, ಇಳಿದು, ಜೋತುಬಿದ್ದ ಗೇಟನ್ನು ಎತ್ತಿ ಕೊಂಡಿ ಹಾಕಿ, ಕೊನೆಯ ಕಾವಲಿನ ಜಾಗದಲ್ಲಿ ಕೋವಿ ಹಿಡಿದು ಕೂರುತ್ತಿದ್ದ. ಹೋದ ವರ್ಷದ ಆ ದಿನದ ಹಾಜರಿ ರಿಜಿಸ್ಟರಿನಲ್ಲೂ ಹಾಗೇ ಇದೆ: ಹದಿನೆಂಟನೇ ಕಾವಲು, ಅಜೇಲಿಯೊ, ಸಹಿ. ಅದನ್ನು ಓದಿದ ಯಾರಿಗಾದರೂ ಗೇಟು ಯಾರು ಬಿಟ್ಟರೆಂದು ಬಿಡಿಸಿ ಹೇಳಬೇಕಿಲ್ಲ. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಅವನು ಬಂದಾಗ ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಡುವುದನ್ನು ಮಾತ್ರ ನಿಲ್ಲಿಸಿದರು.

ರಿಜಿಸ್ಟರ್ ಬರೆದವನು ನಾನು. ತಂಡದ ನಾಯಕನೇ ಬರೆಯಬೇಕು, ನಾಯಕ ನಾನು.

ಹದಿನೆಂಟಕ್ಕೆ ಕಡಿಮೆ ಸಹಿ ಇದ್ದರೆ ಆ ದಿನ ಬೇಟೆಯಿಲ್ಲ, ಅದು ನಿಯಮ. ಅವತ್ತು ಹದಿನೇಳೇ ಜನ ಬಂದಿದ್ದೆವು. ಅಜೇಲಿಯೊನ ಹೆಂಡತಿ ಹಾಸಿಗೆ ಹಿಡಿದಿದ್ದಳು. ಅವಳನ್ನು ಬಿಟ್ಟು ಬರುವಂತಿರಲಿಲ್ಲ. ಆದರೂ ನಸುಕಿನಲ್ಲಿ, ಬೇರೆಯವರು ಬರುವ ಮೊದಲೇ ಬಂದು ನನ್ನ ಪೆನ್ನು ತೆಗೆದುಕೊಂಡು, "ಸಹಿ ಹಾಕಿ ಹೋಗ್ತೀನಿ. ನನ್ನೊಬ್ಬನಿಂದ ನಿಮ್ಮ ದಿನ ಯಾಕೆ ಹಾಳಾಗಬೇಕು," ಎಂದ. ಹಾಕಿದ. ಮನೆಗೆ ಹೋದ. ಎರಡು ಗಂಟೆಯ ನಂತರ ನಾನು ಗೇಟಿನ ಬಳಿ ಬಂದಾಗ ಎಲ್ಲರೂ ಒಳಗೆ ಹೋಗಿಯಾಗಿತ್ತು, ಕೆಳಗೆ ನಾಯಿಗಳು ಆಗಲೇ ಬೊಗಳುತ್ತಿದ್ದವು, ಮೊಣಕಾಲು ಇಳಿಯಲು ಒಪ್ಪುತ್ತಿರಲಿಲ್ಲ. ಅಜೇಲಿಯೊ ಹಿಂದೆ ಬರುತ್ತಿದ್ದಾನಲ್ಲ, ಮುಚ್ಚುತ್ತಾನೆ ಎಂದು ಅಭ್ಯಾಸದಂತೆ ಅಂದುಕೊಂಡು, ಅವನು ಮನೆಗೆ ಹೋದದ್ದನ್ನೇ ಮರೆತು ಕಾರು ಮುಂದೆ ಬಿಟ್ಟೆ. ಹದಿನೆಂಟು ಎಂದು ನಾನೇ ಬರೆದಿದ್ದೆ. ನನ್ನ ಸುಳ್ಳನ್ನು ಜಗತ್ತಿನಲ್ಲಿ ನಂಬಿದ ಮೊದಲನೆಯವನು ನಾನೇ.

ಫೋಸ್ಕಾಳ ಮನೆಯಿಂದ ಇಳಿದು ಅಜೇಲಿಯೊನ ಅಂಗಳಕ್ಕೆ ಹೋದೆ. ಎಪ್ಪತ್ತೊಂಬತ್ತರ ಮುದುಕ ಸೌದೆ ಒಡೆಯುತ್ತಿದ್ದ. ಹೆಂಡತಿ ಮಾರ್ಚ್ ತಿಂಗಳಲ್ಲಿ ತೀರಿಕೊಂಡಿದ್ದಳು. ಹಗ್ಗದ ಮೇಲೆ ಒಬ್ಬನದೇ ಬಟ್ಟೆ ಒಣಗುತ್ತಿತ್ತು.

"ಹೆಸರು ಕೇಳ್ತಿದ್ದಾಳೆ," ಎಂದೆ.

"ಹೇಳು."

"ಯಾರದು ಹೇಳಲಿ?"

"ನಂದು." ಕೊಡಲಿಯನ್ನು ದಿಮ್ಮಿಗೆ ಕಚ್ಚಿಸಿ ನಿಂತ. "ನೋಡು ಹುಡುಗ," ಎಂದ. ನನಗೆ ಐವತ್ತೇಳು. "ನೀನು ಬಾಯಿಬಿಟ್ರೆ ರಿಜಿಸ್ಟರ್ ಸುಳ್ಳು ಅಂತ ಆಗತ್ತೆ. ಸುದ್ದಿ ಬೇಟೆ ಪರವಾನಗಿ ಆಫೀಸಿಗೆ ಹೋದ್ರೆ ತಂಡಾನೇ ಮುಚ್ಚಿಸ್ತಾರೆ. ನನ್ನ ಹೆಸರು ಹೇಳಿದ್ರೆ ಯಾರಿಗೇನು ಹೋಯ್ತು? ಹೇಗೂ ಒಂದು ವರ್ಷದಿಂದ ಹೊತ್ಕೊಂಡು ತಿರುಗ್ತಿದ್ದೀನಿ. ಹೆಗಲಿಗೆ ಅಭ್ಯಾಸ ಆಗಿದೆ."

"ಅಜೇಲಿಯೊ, ನೀವು..."

"ಸೌದೆ ಬೇಕಾದ್ರೆ ಒಂದು ಹೊರೆ ತಗೊಂಡು ಹೋಗು. ಇಲ್ಲಾಂದ್ರೆ ಬೆಳಕಿಗೆ ಅಡ್ಡ ನಿಲ್ಲಬೇಡ."

ಕಾರಿನಲ್ಲಿ ಕುಳಿತಾಗ ನನಗೆ ನಾಚಿಕೆಯಾಗಬೇಕಿತ್ತು. ಮೊದಲು ಆದದ್ದು ನೆಮ್ಮದಿ. ಇಳಿಜಾರು ಮುಗಿಯುವವರೆಗೂ ಆ ನೆಮ್ಮದಿ ಇತ್ತು. ಸೇತುವೆಯ ಹತ್ತಿರ ನಾಚಿಕೆ ಬಂತು, ಬಂದು ಪಕ್ಕದ ಸೀಟಿನಲ್ಲಿ ಕುಳಿತುಕೊಂಡಿತು. ಇಬ್ಬರೂ ಮನೆಗೆ ಹೋದೆವು.

ಭಾನುವಾರ ಬೋಳು ಗುಡ್ಡದಲ್ಲೇ ಅಲೆದೆವು. ಹೇಗೋ ಒಂದು ಹಂದಿ ಸಿಕ್ಕಿತು, ಎರಡು ವರ್ಷದ ಸಣಕಲು ಹೆಣ್ಣು. ಸಂಜೆ ಐದಕ್ಕೆ ನಮ್ಮ ತಂಡದ ತಗಡು ಮಾಡಿನ ಮನೆಯಲ್ಲಿ ಪಾಲು ಹಾಕಲು ನಿಂತೆವು. ಕಸಾಯಿ ಬ್ರುನೆರೊ ಮಾಂಸವನ್ನು ಉದ್ದ ಮೇಜಿನ ಮೇಲೆ ಹತ್ತೊಂಬತ್ತು ಗುಡ್ಡೆ ಮಾಡಿದ. ನಮಗೆ ಹದಿನೆಂಟು, ಜಮೀನಿಗೆ ಒಂದು. ಜಮೀನಿನ ಪಾಲು ಯಾವಾಗಲೂ ಕೊನೆಗೆ. ಒಲೆಯ ಮೇಲೆ ಬ್ರೆಡ್ಡು ಕಾಯುತ್ತಿತ್ತು. ಅದರ ಮೇಲೆ ಸುರಿಯಲು ಯಾರೋ ಹೊಸ ಆಲಿವ್ ಎಣ್ಣೆಯ ಸೀಸೆ ತಂದಿದ್ದರು.

ಪಾಲು ಹಾಕುವ ಕ್ರಮ ನನ್ನ ಅಜ್ಜನ ಕಾಲದ್ದು. ಒಬ್ಬ ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಇನ್ನೊಬ್ಬ ಒಂದು ಗುಡ್ಡೆಯ ಮೇಲೆ ಕೈಯಿಟ್ಟು "ಇದು ಯಾರಿಗೆ?" ಎನ್ನುತ್ತಾನೆ. ಗೋಡೆ ನೋಡುವವನು ತಕ್ಷಣ ಒಂದು ಹೆಸರು ಹೇಳಬೇಕು. ಯೋಚಿಸಬಾರದು, ತಿರುಗಬಾರದು. ಯೋಚಿಸಿದರೆ ಅದು ಮೋಸ. ಹೇಳಿದ ಹೆಸರನ್ನು ಯಾರೂ ಬದಲಾಯಿಸುವಂತಿಲ್ಲ. ಗೋಡೆಗೆ ನಿಲ್ಲುವವನು ನಾಯಕ.

"ಇದು ಯಾರಿಗೆ?"

"ಬ್ರುನೆರೊ."

"ಆಹಾ, ಬರೀ ಎಲುಬು! ಬೆನ್ನಲ್ಲಿ ಕಣ್ಣು ಇಟ್ಕೊಂಡಿದ್ದೀಯೇನೋ?"

"ಕತ್ತರಿಸಿದವನು ನೀನೇ ಅಲ್ವಾ, ತಿನ್ನು," ಎಂದು ಯಾರೋ ಕೂಗಿದರು. ನಕ್ಕರು.

"ಇದು ಯಾರಿಗೆ?"

ಹೀಗೆ ಹೋಯಿತು. ಸುಣ್ಣದ ಗೋಡೆಯಲ್ಲಿ ಒಂದು ಬಿರುಕಿದೆ, ನಮ್ಮ ಹಳ್ಳದ ಆಕಾರದ್ದು. ಅದನ್ನೇ ನೋಡುತ್ತ ಹೆಸರು ಹೇಳುತ್ತಿದ್ದೆ. ನನ್ನ ಹೆಸರು ಆಯಿತು. ಹದಿನಾರು, ಹದಿನೇಳು. ಇನ್ನು ಉಳಿದಿದ್ದವನು ಅಜೇಲಿಯೊ. ಅವನು ಗೇಟಿನಲ್ಲಿ ಹೇಗೋ ನನ್ನ ನಾಲಿಗೆಯ ಮೇಲೂ ಹಾಗೇ, ಮೂವತ್ತು ವರ್ಷದಿಂದ ಕೊನೆಯವನು.

ಆಗ ಬಾಗಿಲಿನ ಸದ್ದಾಯಿತು. ಬೆನ್ನಿಗೆ ತಣ್ಣನೆಯ ಗಾಳಿ ತಗುಲಿತು. ರಬ್ಬರ್ ಬೂಟಿನ ಹೆಜ್ಜೆ ಮೇಜಿನವರೆಗೆ ಬಂತು. ಅವಳು ಏನನ್ನೋ ಮೇಜಿನ ಮೇಲೆ ಇಟ್ಟಳು. ಇಡುವಾಗ ಅದು ಒಮ್ಮೆ ಟಣ್ ಎಂದಿತು.

ಕುರಿಯ ಗಂಟೆ. ತಿರುಗದೆಯೂ ಗೊತ್ತಾಯಿತು.

"ಇದು ಯಾರಿಗೆ?" ಎಂದಳು ಫೋಸ್ಕಾ.

ಅಜೇಲಿಯೊ ಎಂಬ ಹೆಸರು ಆಗಲೇ ಬಾಯಲ್ಲಿ ಕೂತಿತ್ತು. ನಾನು ಅದನ್ನು ಹುಡುಕಬೇಕಿರಲಿಲ್ಲ, ತುಟಿ ಬಿಟ್ಟರೆ ಸಾಕಿತ್ತು. ಹೇಳಿದ್ದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ಅವನೂ ತಲೆಯಾಡಿಸುತ್ತಿದ್ದ. ಗೋಡೆಯ ಬಿರುಕು ಅಲ್ಲೇ ಇತ್ತು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಹಿಂದೆ ಬ್ರುನೆರೊ, "ಯೋಚಿಸೋ ಹಾಗಿಲ್ಲಪ್ಪ," ಎಂದ. ಅಭ್ಯಾಸಬಲದಿಂದ ಅಂದದ್ದಿರಬೇಕು.

"ಲೊರಿಯಾನೊ," ಎಂದೆ.

"ನಿನ್ನ ಪಾಲು ಆಗಲೇ ಹೋಯ್ತಲ್ಲ ಮಾರಾಯ," ಎಂದ ಬ್ರುನೆರೊ.

"ಗಂಟೆ ನನಗೆ. ಗೇಟು ಬಿಟ್ಟವನು ನಾನು. ಅಜೇಲಿಯೊ ಆವತ್ತು ಬೇಟೆಗೇ ಬಂದಿರಲಿಲ್ಲ. ಸಹಿ ಹಾಕಿ ಮನೆಗೆ ಹೋಗಿದ್ದರು. ಹಿಂದೆ ಬರ್ತಿದ್ದಾರೆ ಅಂದ್ಕೊಂಡು ನಾನು ಮುಚ್ಚಲಿಲ್ಲ."

ಇಷ್ಟನ್ನೂ ಗೋಡೆಗೇ ಹೇಳಿದೆ. ಆಮೇಲೆ ತಿರುಗಿದೆ. ಒಲೆಯ ಮೇಲೆ ಬ್ರೆಡ್ಡು ಸೀಯುತ್ತಿತ್ತು, ಯಾರೂ ತೆಗೆಯಲಿಲ್ಲ.

"ಅಂದ್ರೆ ಆವತ್ತು ನಾವು ಹದಿನೇಳೇನಾ?" ಎಂದ ಬ್ರುನೆರೊ ಸಣ್ಣ ದನಿಯಲ್ಲಿ.

"ನಿಮ್ಮ ಪುಸ್ತಕ ಕಟ್ಕೊಂಡು ನನಗೇನಾಗಬೇಕು," ಎಂದಳು ಫೋಸ್ಕಾ. "ನಾನು ಆಫೀಸಿನವಳಲ್ಲ. ನನ್ನ ಮಟ್ಟಿಗೆ ಹೆಸರು ಸಿಕ್ತು."

ಎಲ್ಲರೂ ಅಜೇಲಿಯೊನ ಕಡೆ ನೋಡಿದರು, ತಕ್ಷಣ ಬೇರೆ ಕಡೆ ನೋಡಿದರು. ಅವನು ಬೆಂಚಿನ ತುದಿಯಲ್ಲಿ, ಯಾರೂ ಕೂರದ ಜಾಗದ ಪಕ್ಕ, ಟೋಪಿ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ.

"ನಿನ್ನ ಬಾಯಿಂದ ಮಾತು ಬರೋಕೆ ಒಂದು ವರ್ಷ ಹಿಡೀತು," ಎಂದ ನನಗೆ. "ನನ್ನ ಗಾಡಿನೇ ವಾಸಿ."

ಯಾರೂ ನಗಲಿಲ್ಲ. ಬ್ರುನೆರೊ ಎದ್ದು ಹೋಗಿ ಆ ಖಾಲಿ ಜಾಗದಲ್ಲಿ ಅವನ ಪಕ್ಕ ಕೂತ. ಎರಡು ಸಲ ಬಾಯಿ ತೆರೆದ. ಕೊನೆಗೆ, "ಬ್ರೆಡ್ಡು ತಿಂತೀರಾ?" ಎಂದ.

"ಸೀದಿದೆ," ಎಂದ ಅಜೇಲಿಯೊ. ಆದರೂ ಕೈ ಚಾಚಿದ.

ಫೋಸ್ಕಾ ಇನ್ನೂ ಮೇಜಿನ ಹತ್ತಿರವೇ ನಿಂತಿದ್ದಳು. ಕ್ಷಮೆ ಕೇಳಬೇಕೆಂದು ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವಳು ಕೈ ಅಡ್ಡ ಹಿಡಿದಳು.

"ಅದೆಲ್ಲ ಬೇಡ. ಕೊಟ್ಟ ಮಾತು ಕೊಟ್ಟಿದ್ದೀನಿ, ಗೇಟಿನ ಪಕ್ಕದ ಕಲ್ಲುಗೋಡೆ ಹಾಗೇ ಇರತ್ತೆ. ಆದ್ರೆ ನೀವು ನನ್ನ ಗೇಟಿನಿಂದ ಹೋಗೋ ದಿನ ಎಲ್ಲ, ಗೇಟಿನ ಹತ್ತಿರ ನೀನು ನಿಂತಿರಬೇಕು. ಮೊದಲನೆಯವನು ಬರೋ ಮುಂಚೆ ಬಂದು, ಕೊನೆಯವನು ವಾಪಸು ಹೋಗೋವರೆಗೂ. ಕೋವಿ ಮನೆಯಲ್ಲಿ."

"ಎಷ್ಟು ದಿನ?"

"ನನ್ನ ಮೊಣಕಾಲು ಇರೋವರೆಗೆ, ಇಲ್ಲಾ ನಿನ್ನದು ಇರೋವರೆಗೆ. ಯಾವುದು ಮೊದಲು ಹೋಗತ್ತೋ ಅದು." ಗಂಟೆಯನ್ನು ನನ್ನ ಕಡೆ ತಳ್ಳಿದಳು. "ಇದನ್ನ ಗೇಟಿಗೆ ಕಟ್ಟು. ತೆಗೆದರೆ ನನಗೆ ಕೇಳಿಸಬೇಕು, ಮುಚ್ಚಿದರೂ ಕೇಳಿಸಬೇಕು."

ಹೊರಡುವಾಗ ಮೇಜಿನ ಮೇಲೆ ಉಳಿದಿದ್ದ ಎರಡು ಗುಡ್ಡೆಗಳನ್ನು ನೋಡಿದಳು. ಯಾವುದು ಜಮೀನಿನದೆಂದು ಬ್ರುನೆರೊ ಹೇಳಲು ಹೋದ. ಅವಳು ಬೇಡವೆಂದು ತಲೆಯಾಡಿಸಿ ಹೋದಳು. ಅಷ್ಟು ಬೇಗ ಅದಕ್ಕೆ ಒಪ್ಪುವವಳಲ್ಲ.

ಬುಧವಾರ ಹಿಮ ಬಿದ್ದಿತ್ತು. ನಾನು ಆರೂವರೆಗೆ ಗೇಟಿನ ಬಳಿ ಇದ್ದೆ. ರಿಜಿಸ್ಟರ್ ಈಗ ಬ್ರುನೆರೊನ ಹತ್ತಿರ ಇದೆ. ಅವನು ಬೆರಳಿನಿಂದ ಒಬ್ಬೊಬ್ಬರ ಹೆಗಲು ಮುಟ್ಟಿ ಎಣಿಸುತ್ತಾನಂತೆ. ಕೆಳಗಿನೂರಿನಿಂದ ಬಾವಮೈದುನನನ್ನು ಕಾಡಿಬೇಡಿ ಕರೆತಂದು ಹದಿನೆಂಟು ಮಾಡಿದ್ದ. ಕಾರುಗಳು ಬಂದವು. ಕೆಲವರು ಕೈ ಎತ್ತಿದರು. ಕೆಲವರು ಮುಂದಿನ ಗಾಜನ್ನೇ ನೋಡಿಕೊಂಡು ಹೋದರು, ಈ ಒಂದು ವರ್ಷ ಅಜೇಲಿಯೊನನ್ನು ದಾಟಿ ಹೋಗುತ್ತಿದ್ದ ಹಾಗೆ. ತಲೆ ಎಣಿಸಿದೆ. ಹದಿನೇಳು.

ತಿರುವಿನ ಕೆಳಗೆ ಮೂರು ಚಕ್ರದ ಗಾಡಿಯ ಸದ್ದು ಬಹಳ ಹೊತ್ತು ಕೇಳಿಸಿತು, ಆಮೇಲೆ ಗಾಡಿ ಕಾಣಿಸಿತು. ಅಜೇಲಿಯೊ ಗೇಟು ದಾಟಿ ನಿಲ್ಲಿಸಿದ. ಅಭ್ಯಾಸದಂತೆ ಒಂದು ಕಾಲು ಕೆಳಗಿಟ್ಟ. ನನ್ನನ್ನು ಕಂಡು ಕಾಲು ಮತ್ತೆ ಒಳಗೆ ಎಳೆದುಕೊಂಡ.

"ಎತ್ತಿ ಮುಚ್ಚು," ಎಂದ. "ಬರೀ ತಳ್ಳಿದ್ರೆ ಮುಚ್ಚಿದ ಹಾಗೆ ಕಾಣತ್ತೆ, ಮುಚ್ಚಿರಲ್ಲ."

ಎತ್ತಿದೆ. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಮೂವತ್ತು ವರ್ಷ ಇದನ್ನು ಆ ಮುದುಕ ಎತ್ತಿದ್ದ. ಕೊಂಡಿ ಬಿತ್ತು, ಗಂಟೆ ಟಣ್ ಎಂದಿತು. ಮೇಲೆ ಫೋಸ್ಕಾಳ ಅಡುಗೆಮನೆಯ ಕಿಟಕಿ ತೆರೆದುಕೊಂಡು ಮತ್ತೆ ಮುಚ್ಚಿತು.

ಅವನ ಗಾಡಿ ಇಳಿಜಾರಿನಲ್ಲಿ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಕಣಿವೆಯಲ್ಲಿ ನಾಯಿಗಳು ಬೊಗಳತೊಡಗಿದವು. ದೊಡ್ಡ ಹಂದಿಯೇ ಇರಬೇಕು. ನನ್ನ ಬಲಹೆಗಲು ತಾನಾಗಿ ಸ್ವಲ್ಪ ಮೇಲೆದ್ದಿತು. ಅಲ್ಲಿ ಕೋವಿ ಇರಲಿಲ್ಲ. ಗೋಡೆಯ ಮೇಲೆ ಕೂತೆ, ಮೊಣಕಾಲು ಚಾಚಿದೆ. ಕುರಿಗಳು ಒಂದೊಂದಾಗಿ ಗೇಟಿನ ಹತ್ತಿರ ಬಂದು, ಗಂಟೆಯ ಸದ್ದಿಗೆ ಬಂದಿದ್ದವೋ ಏನೋ, ಕಂಬಿಯ ಆಚೆ ನಿಂತು ನನ್ನನ್ನು ನೋಡಿದವು. ಎದ್ದು ಹೋಗಿ ಕೊಂಡಿಯನ್ನು ಇನ್ನೊಮ್ಮೆ ಎಳೆದು ನೋಡಿದೆ.